ಬೆಳಕಿತ್ತು, ಶಾಖವಿರಲಿಲ್ಲ: ಮಲಬದ್ಧತೆಯಿಂದ ಬಳಲಿದ ಒಂದು ಬಿಯರ್ಡೆಡ್ ಡ್ರ್ಯಾಗನ್‌ನ ಪ್ರಕರಣ

ಜುಲೈ ತಿಂಗಳ ಎರಡನೇ ವಾರದ ಒಂದು ಸಂಜೆ, ಜಿಟಿಜಿಟಿ ಮಳೆಯ ನಡುವೆ, ಬೆಂಗಳೂರಿನ ವಿಜಯನಗರದ ಗೃಹಿಣಿಯೊಬ್ಬರು ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಒಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಸಾಕುಹಲ್ಲಿ ಇತ್ತು. ಕೆಂಪು ಛಾಯೆಯ ಮೈಬಣ್ಣದಿಂದಾಗಿ ಮನೆಯಲ್ಲಿ ಅದಕ್ಕೆ ಕೆಂಚ ಎಂದು ಹೆಸರು. "ಡಾಕ್ಟ್ರೇ, ಹನ್ನೊಂದು ದಿನ ಆಯ್ತು, ಕಕ್ಕ ಮಾಡಿಲ್ಲ. ಮೂರು ದಿನದಿಂದ ಏನು ಕೊಟ್ರೂ ಬಾಯಿ ಬಿಡ್ತಿಲ್ಲ" ಎಂದು ಅವರು ಹೇಳಿದಾಗ, ಕಾಯಿಲೆಯ ಎರಡು ಮುಖ್ಯ ಲಕ್ಷಣಗಳನ್ನು ದಿನದ ಲೆಕ್ಕದ ಸಮೇತ ನನ್ನ ಮುಂದಿಟ್ಟಿದ್ದರು. ಆದರೆ ಕಾಯಿಲೆಯ ಮೂಲವನ್ನು ಕಂಡುಕೊಳ್ಳಲು ನನಗೆ ಇನ್ನೂ ಆರು ದಿನ ಬೇಕಾಯಿತು. ಆ ವಿಳಂಬಕ್ಕೆ ನಾನೇ ಹೊಣೆ. ಈ ಪ್ರಕರಣವನ್ನು ವಿವರವಾಗಿ ಬರೆಯಲು ಅದೇ ಮುಖ್ಯ ಕಾರಣ.

ಈ ಪ್ರಾಣಿಯನ್ನು ನೋಡಿರದ ಓದುಗರಿಗಾಗಿ ಎರಡು ಮಾತು. ಇದರ ವೈಜ್ಞಾನಿಕ ಹೆಸರು ಪೊಗೊನಾ ವಿಟಿಸೆಪ್ಸ್. ಮೂಲ ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶ. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಓತಿಕ್ಯಾತವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ಬೆಳೆದ ಪ್ರಾಣಿ ಬಾಲವೂ ಸೇರಿ ಒಂದೂವರೆಯಿಂದ ಎರಡು ಅಡಿ ಉದ್ದವಿರುತ್ತದೆ. ಗದ್ದದ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ 'ಗಡ್ಡದ' ಎಂಬ ವಿಶೇಷಣ ಬಂದಿದೆ. ಕೀಟಗಳನ್ನೂ ಸೊಪ್ಪನ್ನೂ ತಿನ್ನುತ್ತದೆ. ಮರಿಗಳಿಗೆ ಕೀಟ ಹೆಚ್ಚು ಬೇಕು, ಬೆಳೆದವಕ್ಕೆ ಸೊಪ್ಪೇ ಹೆಚ್ಚಾಗಿರಬೇಕು.

ಕೆಂಚ ಎರಡು ವರ್ಷ ಮೂರು ತಿಂಗಳ ಗಂಡು. ಮರಿಯಿಂದ ಸಾಕಿದವಳು ಮನೆಯ ಮಗಳು. ಜೂನ್ ಮೊದಲ ವಾರ ಅವಳು ಓದಿಗೆಂದು ಮಂಗಳೂರಿಗೆ ಹೋದಳು. ಆರೈಕೆ ತಾಯಿಯ ಪಾಲಿಗೆ ಬಂತು. ಹಲ್ಲಿಯನ್ನು ಕಂಡರೂ ದೂರ ಸರಿಯುತ್ತಿದ್ದ ಅವರು ಮಗಳ ಮಾತಿಗೆ ಕಟ್ಟುಬಿದ್ದು ಕೈಯಾರೆ ಅದನ್ನು ಎತ್ತಿ ಆಡಿಸುವಷ್ಟು ಹತ್ತಿರವಾಗಿದ್ದರು. ಮಗಳು ಬಿಟ್ಟುಹೋಗಿದ್ದ ನೋಟ್‌ಬುಕ್ಕಿನಲ್ಲಿ ದಿನಾಂಕ, ತೂಕ, ತಿಂದದ್ದು, ಮಲ ಇವೆಲ್ಲವನ್ನೂ ಬರೆದಿಡುತ್ತಿದ್ದರು. ಮೇ ಕೊನೆಯಲ್ಲಿ 412 ಗ್ರಾಂ ಇದ್ದ ಕೆಂಚ ನನ್ನ ತಕ್ಕಡಿಯಲ್ಲಿ 371 ಗ್ರಾಂ ತೂಗಿದ. ಒಂದೂವರೆ ತಿಂಗಳಲ್ಲಿ ಹತ್ತರಲ್ಲಿ ಒಂದು ಪಾಲು ಕರಗಿತ್ತು.

ಪರೀಕ್ಷೆಯಲ್ಲಿ ಕಂಡದ್ದು ಇಷ್ಟು. ಕಣ್ಣು ಸ್ವಲ್ಪ ಗುಳಿಬಿದ್ದಿತ್ತು. ಪಕ್ಕೆಯ ಚರ್ಮವನ್ನು ಎತ್ತಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುತ್ತಿತ್ತು. ಬಾಯೊಳಗಿನ ಲಾಲಾರಸ ಅಂಟಂಟಾಗಿತ್ತು. ಮೂರೂ ನೀರಿನ ಕೊರತೆಯ ಗುರುತುಗಳು. ಹೊಟ್ಟೆಯ ಹಿಂಭಾಗದಲ್ಲಿ ಬೆರಳಿಗೆ ಗಟ್ಟಿಯಾದ ಉಂಡೆಯೊಂದು ಸಿಗುತ್ತಿತ್ತು. ಗಡ್ಡ ಅರೆಕಪ್ಪಾಗಿತ್ತು. ಹಿಂಗಾಲುಗಳಲ್ಲಿ ಬಲವಿತ್ತು, ಎಳೆದುಕೊಂಡು ನಡೆಯುತ್ತಿರಲಿಲ್ಲ. ಇದು ಸಮಾಧಾನದ ಸಂಗತಿಯಾಗಿತ್ತು, ಏಕೆಂದರೆ ಕರುಳಿನ ಅಡಚಣೆ ತೀವ್ರವಾದಾಗ ಅಥವಾ ಕ್ಯಾಲ್ಸಿಯಂ ತೀರಾ ಕುಸಿದಾಗ ಮೊದಲು ಸೋಲುವುದು ಹಿಂಗಾಲುಗಳೇ. ಗುದದ್ವಾರದ ಮೂಲಕ ಬೆಚ್ಚಗಿನ ಲವಣಜಲ ಹಾಯಿಸಿ ಪಡೆದ ಮಾದರಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಸೂಜಿಹುಳುವಿನ ಕೆಲವು ಮೊಟ್ಟೆಗಳು ಕಂಡವು.

ಅಲ್ಲಿಗೆ ನಾನು ಹುಡುಕುವುದನ್ನು ನಿಲ್ಲಿಸಿದೆ. ಹಸಿವಿಲ್ಲ, ತೂಕ ಇಳಿದಿದೆ, ಮಾದರಿಯಲ್ಲಿ ಹುಳುವಿನ ಮೊಟ್ಟೆಯಿದೆ ಎಂದಾಗ ಕಣ್ಣಿಗೆ ಬಿದ್ದ ಕಾರಣವನ್ನೇ ಪೂರ್ತಿ ಕಾರಣವೆಂದು ನಂಬುವುದು ಸುಲಭ. ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗಳಲ್ಲಿ ಸೂಜಿಹುಳು ಬಹಳ ಸಾಮಾನ್ಯವೆಂದೂ, ಅಲ್ಪ ಸಂಖ್ಯೆಯಲ್ಲಿದ್ದರೆ ಎಷ್ಟೋ ಬಾರಿ ಪ್ರಾಣಿಗೆ ಏನೂ ತೊಂದರೆ ಕೊಡುವುದಿಲ್ಲವೆಂದೂ ನನಗೆ ಗೊತ್ತಿತ್ತು. ಆದರೂ ಹುಳುನಾಶಕ ಔಷಧಿ ಫೆನ್‌ಬೆಂಡಜೋಲ್ ಕೊಟ್ಟೆ. ದಿನಕ್ಕೊಮ್ಮೆ ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕೂರಿಸಲು ಹೇಳಿದೆ. ಆರು ದಿನದ ನಂತರ ಬರಲು ತಿಳಿಸಿದೆ. "ಶಾಖದ ದೀಪ ಉರಿಯುತ್ತಾ ಅಮ್ಮಾ?" ಎಂದು ಕೇಳಿದ್ದೆ. "ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೂ ಉರಿಯುತ್ತೆ ಡಾಕ್ಟ್ರೇ" ಎಂದು ಅವರು ಉತ್ತರಿಸಿದ್ದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು. ದೀಪದಡಿಯಲ್ಲಿ ಉಷ್ಣಾಂಶ ಎಷ್ಟಿದೆ ಎಂದು ನಾನು ಕೇಳಲಿಲ್ಲ.

ಮಂಗಳೂರಿನಿಂದ ಮಗಳು ಫೋನಿನಲ್ಲಿ ಇನ್ನೊಂದು ಸಾಧ್ಯತೆ ಸೂಚಿಸಿದ್ದಳು: ಇದು ಸರೀಸೃಪಗಳ ಚಳಿಗಾಲದ ಜಡನಿದ್ರೆ ಇರಬಹುದೇ? ಪ್ರಶ್ನೆ ಸಾಧುವಾದದ್ದೇ. ಬೆಳೆದ ಬಿಯರ್ಡೆಡ್ ಡ್ರ್ಯಾಗನ್‌ಗಳು ವರ್ಷದ ಕೆಲವು ವಾರ ಊಟ ಬಿಟ್ಟು ಮೂಲೆಯಲ್ಲಿ ಮಲಗುವುದುಂಟು, ಹಾಗೆ ಮಲಗಿದ ಆರೋಗ್ಯವಂತ ಪ್ರಾಣಿಯನ್ನು ರೋಗಿಯೆಂದು ತಿಳಿದು ಅನಗತ್ಯವಾಗಿ ಔಷಧಿ ಕುಡಿಸುವುದೂ ಉಂಟು. ಆದರೆ ಜಡನಿದ್ರೆಯಲ್ಲಿ ಪ್ರಾಣಿಯ ತೂಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದು ಸಾಮಾನ್ಯವಾಗಿ ಹೊಟ್ಟೆಯನ್ನು ಖಾಲಿ ಮಾಡಿಕೊಂಡೇ ಮಲಗುತ್ತದೆ. ಎಬ್ಬಿಸಿ ನೀರು ತೋರಿಸಿದರೆ ಕುಡಿಯುತ್ತದೆ. ತುಂಬಿದ ಕರುಳು, ಗುಳಿಬಿದ್ದ ಕಣ್ಣು, ಇಳಿಯುವ ತೂಕ ಈ ಮೂರೂ ಒಟ್ಟಿಗಿದ್ದಾಗ ಅದನ್ನು ನಿದ್ರೆಯೆಂದು ಕಾಯುತ್ತ ಕೂರುವುದು ಅಪಾಯ. ಹಾಗೆ ಕಾದು ತಡವಾಗಿ ಬಂದ ಪ್ರಾಣಿಗಳನ್ನು ಉಳಿಸಿಕೊಳ್ಳಲಾಗದೆ ನೊಂದಿರುವುದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳುತ್ತಿದ್ದೇನೆ.

ಆರನೇ ದಿನ ಕೆಂಚ ಮರಳಿ ಬಂದಾಗ 358 ಗ್ರಾಂ ಇದ್ದ. ಮಲ ಹೋಗಿರಲಿಲ್ಲ. ಕೈಗೆತ್ತಿಕೊಂಡಾಗ ಹೊಟ್ಟೆಯ ತಳ ತಣ್ಣಗಿತ್ತು. ಆ ತಣ್ಣನೆಯ ಸ್ಪರ್ಶವೇ ನನ್ನನ್ನು ಎಚ್ಚರಿಸಿತು. ಗೂಡಿನ ಫೋಟೊ ಇದೆಯೇ ಎಂದು ಕೇಳಿದೆ. ಅವರ ಮೊಬೈಲಿನಲ್ಲಿದ್ದ ಚಿತ್ರದಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ಗೂಡು, ನೆಲಕ್ಕೆ ಹಾಸಿದ ಟೈಲ್ಸ್, ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಉರಿಯುತ್ತಿರುವ ದೀಪ ಎಲ್ಲವೂ ಕ್ರಮವಾಗಿದ್ದವು. ಆದರೆ ದೀಪದ ಬುರುಡೆ ಹಾಲುಬಿಳುಪಿನ ಎಲ್‌ಇಡಿ ಬಲ್ಬಾಗಿತ್ತು.

ಕೇಳಿದಾಗ ನಡೆದದ್ದು ತಿಳಿಯಿತು. ಮಗಳು ಹೋದ ವಾರದಲ್ಲೇ 100 ವ್ಯಾಟಿನ ಶಾಖದ ಬಲ್ಬು ಸುಟ್ಟುಹೋಗಿತ್ತು. ಅವರು ಅದನ್ನು ಹಿಡಿದುಕೊಂಡೇ ಹತ್ತಿರದ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಇಷ್ಟೇ ಬೆಳಕು ಕೊಡುವ ಬಲ್ಬು ಬೇಕು ಎಂದಿದ್ದರು. ಅಂಗಡಿಯವರು 12 ವ್ಯಾಟಿನ ಎಲ್‌ಇಡಿ ಕೊಟ್ಟಿದ್ದರು. ಇಬ್ಬರ ತಪ್ಪೂ ಇದರಲ್ಲಿಲ್ಲ. ಮನೆಯ ದೀಪದಿಂದ ನಮಗೆ ಬೇಕಾದದ್ದು ಬೆಳಕು, ಶಾಖ ಅದರ ಅಪವ್ಯಯ. ಎಲ್‌ಇಡಿ ಬಂದದ್ದೇ ಆ ಅಪವ್ಯಯವನ್ನು ತಪ್ಪಿಸಲು. ಶೀತರಕ್ತದ ಪ್ರಾಣಿಗೆ ಮಾತ್ರ ಆ ಅಪವ್ಯಯವೇ ಜೀವಾಧಾರ. ತೆಳುತಂತಿಯ ಸಂವೇದಕವಿರುವ ಥರ್ಮಾಮೀಟರೊಂದನ್ನು ಅವರ ಕೈಗೆ ಕೊಟ್ಟು ಮನೆಗೆ ಕಳುಹಿಸಿದೆ; ಒಂದು ಗಂಟೆಯ ನಂತರ ಫೋನಿನಲ್ಲಿ ಅಳತೆ ಹೇಳಿದರು. ದೀಪದ ಕೆಳಗಿನ ಕಲ್ಲಿನ ಮೇಲೆ 26 ಡಿಗ್ರಿ, ಇನ್ನೊಂದು ತುದಿಯಲ್ಲಿ 24. ಇರಬೇಕಾದದ್ದು ಕಲ್ಲಿನ ಮೇಲೆ 38ರಿಂದ 42, ತಂಪಿನ ತುದಿಯಲ್ಲಿ 24ರಿಂದ 28.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜುಲೈಯಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ 28ರ ಆಸುಪಾಸು, ರಾತ್ರಿಯದು 20ರ ಹತ್ತಿರ. ನಮಗೆ ಹಿತವೆನಿಸುವ ಈ ಹವೆ ಮರುಭೂಮಿಯ ಅಂಚಿನ ಹಲ್ಲಿಗೆ ಕೊರೆಯುವ ಚಳಿ. ಬಿಯರ್ಡೆಡ್ ಡ್ರ್ಯಾಗನ್ ಬಿಸಿಲಿಗೆ ಮೈಯೊಡ್ಡಿ ತನ್ನ ದೇಹವನ್ನು 35 ಡಿಗ್ರಿಯ ಸುತ್ತಮುತ್ತ ಇಟ್ಟುಕೊಳ್ಳಲು ಬಯಸುತ್ತದೆ; ಅದರ ಜೀರ್ಣರಸಗಳು ಕೆಲಸ ಮಾಡುವುದು, ಕರುಳಿನ ಸ್ನಾಯುಗಳು ಅಲೆಯಲೆಯಾಗಿ ಆಹಾರವನ್ನು ಮುಂದಕ್ಕೆ ತಳ್ಳುವುದು, ರೋಗನಿರೋಧಕ ಕಣಗಳು ಚುರುಕಾಗಿರುವುದು ಎಲ್ಲವೂ ಆ ಉಷ್ಣಾಂಶದಲ್ಲೇ. ಮೈ 25ಕ್ಕೆ ಇಳಿದರೆ ನುಂಗಿದ ಹುಳು ಜಠರದಲ್ಲೇ ತಂಗುತ್ತದೆ, ಮುಂದೆ ಸಾಗಿದ್ದು ದೊಡ್ಡ ಕರುಳಿನಲ್ಲಿ ನಿಂತು ನೀರು ಕಳೆದುಕೊಂಡು ಗಟ್ಟಿಯಾಗುತ್ತದೆ. ಹೀಗಿರುವಾಗ ನಾನು ಹೇಳಿದ ಬೆಚ್ಚಗಿನ ಸ್ನಾನವೂ ಹಾನಿಯನ್ನೇ ಮಾಡಿರಬೇಕು: ಹದಿನೈದು ನಿಮಿಷ ಬೆಚ್ಚಗಾದ ಪ್ರಾಣಿ, ಒದ್ದೆ ಮೈಯಲ್ಲಿ ಶಾಖವಿಲ್ಲದ ಗೂಡಿಗೆ ಮರಳಿ, ನೀರು ಆರುತ್ತ ಆರುತ್ತ ಮೊದಲಿಗಿಂತ ಹೆಚ್ಚು ತಣ್ಣಗಾಗುತ್ತಿತ್ತು.

ಎಕ್ಸ್‌ರೇಯಲ್ಲಿ ದೊಡ್ಡ ಕರುಳು ಹಿಗ್ಗಿ, ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಮಲದ ಗಂಟು ಕಂಡಿತು. ಅದರ ಹಿಂದೆ ವಾಯು ತುಂಬಿಕೊಂಡಿತ್ತು. ಮರಳಿನ ಅಥವಾ ಕಲ್ಲಿನ ಬಿಳಿ ನೆರಳು ಎಲ್ಲಿಯೂ ಇರಲಿಲ್ಲ. ಬಿಯರ್ಡೆಡ್ ಡ್ರ್ಯಾಗನ್‌ಗೆ ಮಲ ಕಟ್ಟಿತೆಂದರೆ ಗೂಡಿನ ಮರಳನ್ನೇ ದೂಷಿಸುವುದು ಸಾಕುವವರಲ್ಲಿ ರೂಢಿಯಾಗಿದೆ. ಮರಳು ನುಂಗಿ ಕರುಳು ಕಟ್ಟುವುದು ನಿಜವೇ ಆದರೂ ಟೈಲ್ಸಿನ ಮೇಲೆ ಬೆಳೆದ ಈ ಪ್ರಾಣಿಗೂ ಅದೇ ಗತಿ ಬಂದಿತ್ತು. ಎಕ್ಸ್‌ರೇಯಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಮೂಳೆಗಳು: ತೊಡೆಯ ಮೂಳೆಯ ಹೊರಗೋಡೆ ತೆಳ್ಳಗಾಗಿತ್ತು. ಬಾಲದ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಕಡಿಮೆಯಿತ್ತು, ಯೂರಿಕ್ ಆಮ್ಲ ಏರಿತ್ತು. ಏರಿದ ಯೂರಿಕ್ ಆಮ್ಲ ನೀರಿನ ಕೊರತೆಗೆ ಹೊಂದುತ್ತಿತ್ತು; ಕ್ಯಾಲ್ಸಿಯಂ ಯಾಕೆ ಇಳಿದಿದೆ ಎಂಬುದಕ್ಕೆ ಮತ್ತೆ ಗೂಡಿನತ್ತಲೇ ನೋಡಬೇಕಾಯಿತು.

ಗೂಡಿನಲ್ಲಿ ನೇರಳಾತೀತ ಕಿರಣದ ಟ್ಯೂಬ್‌ಲೈಟ್ ಇತ್ತು, ಉರಿಯುತ್ತಲೂ ಇತ್ತು. ನೋಟ್‌ಬುಕ್ಕಿನ ಪ್ರಕಾರ ಅದನ್ನು ಹಾಕಿ 20 ತಿಂಗಳಾಗಿತ್ತು. ಈ ಟ್ಯೂಬುಗಳು ಕಣ್ಣಿಗೆ ಕಾಣುವ ಬೆಳಕನ್ನು ವರ್ಷಗಟ್ಟಲೆ ಕೊಡುತ್ತವೆ. ಪ್ರಾಣಿಗೆ ಬೇಕಾದ ಯುವಿ-ಬಿ ಕಿರಣ ಮಾತ್ರ ಮಾದರಿಯನ್ನು ಅವಲಂಬಿಸಿ ಆರರಿಂದ ಹನ್ನೆರಡು ತಿಂಗಳಲ್ಲಿ ಕುಂದುತ್ತದೆ. ಟ್ಯೂಬನ್ನು ತರಿಸಿಕೊಂಡು, ಕಲ್ಲಿನಿಂದ ಅದು ಇರುತ್ತಿದ್ದ ದೂರದಲ್ಲೇ ಯುವಿ ಸೂಚ್ಯಂಕ ಅಳೆದೆ. ಬಿಸಿಲು ಕಾಯುವ ಜಾಗದಲ್ಲಿ 3ರಿಂದ 4 ಇರಬೇಕಾದ ಕಡೆ 0.6 ಸಿಕ್ಕಿತು. "ಗೂಡು ಕಿಟಕಿ ಪಕ್ಕದಲ್ಲೇ ಇದೆಯಲ್ಲ, ಬಿಸಿಲು ಬೀಳುತ್ತಲ್ಲ" ಎಂದು ಅವರು ಆಶ್ಚರ್ಯಪಟ್ಟರು. ಕಿಟಕಿಯ ಗಾಜು ಯುವಿ-ಬಿಯನ್ನು ಬಹುತೇಕ ಪೂರ್ತಿ ತಡೆಯುತ್ತದೆ ಎಂಬುದು ಅವರಿಗಷ್ಟೇ ಅಲ್ಲ, ಹಲವು ವರ್ಷ ಸಾಕಿದವರಿಗೂ ತಿಳಿದಿರುವುದಿಲ್ಲ. ಯುವಿ-ಬಿ ಬಿದ್ದ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವ ಕೊನೆಯ ಹಂತಕ್ಕೆ ಮೈಶಾಖವೂ ಬೇಕು. ಆದ್ದರಿಂದ ಕೆಂಚನಿಗೆ ಎರಡು ಕಡೆಯಿಂದಲೂ ಕತ್ತರಿ ಬಿದ್ದಿತ್ತು. ಡಿ3 ಇಲ್ಲದೆ ಕ್ಯಾಲ್ಸಿಯಂ ಹೀರಿಕೆಯಿಲ್ಲ; ಕ್ಯಾಲ್ಸಿಯಂ ಸಾಲದೆ ಸ್ನಾಯುಗಳ ಸಂಕೋಚನ ಕುಗ್ಗುತ್ತದೆ, ಕರುಳಿನದೂ ಸ್ನಾಯುವೇ.

ಆಹಾರವೂ ಇದಕ್ಕೆ ಕೈಜೋಡಿಸಿತ್ತು. ಮಗಳು ಮಿಡತೆಜಾತಿಯ ಕ್ರಿಕೆಟ್ ಹುಳುಗಳನ್ನು ಹಾಕುತ್ತಿದ್ದಳು. ಅವು ಡಬ್ಬಿಯಿಂದ ಹಾರಿ ಮನೆಯೆಲ್ಲ ಚಿರಿಚಿರಿ ಕೂಗುತ್ತವೆಂದು ತಾಯಿ ಸೂಪರ್‌ವರ್ಮ್‌ಗೆ ಬದಲಾಯಿಸಿದ್ದರು, ದಿನಕ್ಕೆ ಹನ್ನೆರಡು ಹದಿನೈದು. ಆ ಹುಳುವಿನ ಹೊರಕವಚ ಗಟ್ಟಿ, ಕೊಬ್ಬು ಹೆಚ್ಚು, ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಬಹಳ ಹೆಚ್ಚು. ಜೊತೆಗೆ ಪಾಲಕ್ ಮತ್ತು ಬಾಳೆಹಣ್ಣು. ಪಾಲಕ್ಕಿನ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಬಾಳೆಹಣ್ಣಿನಲ್ಲಿಯೂ ರಂಜಕವೇ ಮೇಲು. ಬಿಸಿ ಗೂಡಿನಲ್ಲಿ ಈ ಆಹಾರವನ್ನು ಕೆಲವು ವಾರ ತಡೆದುಕೊಳ್ಳುತ್ತಿದ್ದನೇನೋ. ತಣ್ಣನೆಯ ಕರುಳಿಗೆ ಅದು ಹೊರೆಯಾಯಿತು.

ಕೆಂಚನನ್ನು ಚಿಕಿತ್ಸಾಲಯದಲ್ಲೇ ಉಳಿಸಿಕೊಂಡೆ. ಇಂತಹ ಪ್ರಾಣಿಗೆ ಬಾಯಿಗೆ ಆಹಾರ ತುರುಕುವ ಆತುರ ಎಲ್ಲರಿಗೂ ಇರುತ್ತದೆ, ಮನೆಯವರಿಗಂತೂ ಸಂಕಟವೇ ಆಗುತ್ತದೆ. ಆದರೆ ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ನೀರು ತುಂಬಬೇಕು, ಕೊನೆಯದು ಊಟ. ತಣ್ಣಗಿರುವ ಹೊಟ್ಟೆಗೆ ಹಾಕಿದ್ದು ಅಲ್ಲೇ ಕೊಳೆಯುತ್ತದೆ. ಮೊದಲ ನಾಲ್ಕು ಗಂಟೆ ಔಷಧಿಯೇನನ್ನೂ ಕೊಡದೆ ಶಾಖಪೆಟ್ಟಿಗೆಯಲ್ಲಿ ಹಂತಹಂತವಾಗಿ 32 ಡಿಗ್ರಿಗೆ ತಂದೆ. ಬಳಿಕ ದೇಹದಷ್ಟೇ ಬೆಚ್ಚಗೆ ಮಾಡಿದ ದ್ರಾವಣವನ್ನು ಚರ್ಮದಡಿಗೆ ಕೊಟ್ಟೆ, ಪ್ರತಿ ಸಲ ಐದು ಮಿಲಿಲೀಟರಿನಂತೆ ದಿನಕ್ಕೆ ಎರಡು ಬಾರಿ. ಎಡಬಲ ಪಕ್ಕೆಗಳಿಗೆ ಸರದಿಯ ಮೇಲೆ. ತೆಳುಗೊಳಿಸಿದ ಕ್ಯಾಲ್ಸಿಯಂ ಗ್ಲೂಕೊನೇಟ್ ಚುಚ್ಚುಮದ್ದು ಅಂದೇ ಸಂಜೆ ಶುರುವಾಯಿತು. ಎರಡನೇ ದಿನ ಮೃದುವಾದ ಕ್ಯಾತಿಟರಿನಿಂದ ಬೆಚ್ಚಗಿನ ಲವಣಜಲವನ್ನೂ ಜಾರುಕವನ್ನೂ ಗುದದ್ವಾರದ ಮೂಲಕ ನಿಧಾನವಾಗಿ ಹಾಯಿಸಿದೆ. ಬಾಯಿಯ ಮೂಲಕ ಮಲವನ್ನು ಮೃದುವಾಗಿಸುವ ಲ್ಯಾಕ್ಟುಲೋಸ್, ಕೆಲವೇ ಹನಿ. ಕರುಳು ಹರಿಯುವ ಭಯವಿರುವುದರಿಂದ ಹೊಟ್ಟೆಯನ್ನು ಒತ್ತಿ ಹಿಂಡಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಮನೆಯಲ್ಲಿದ್ದ ಹಿರಿಯರು, ಮಕ್ಕಳಿಗೆ ಕೊಡುವಂತೆ ಎರಡು ತೊಟ್ಟು ಹರಳೆಣ್ಣೆ ಕುಡಿಸಿದರೆ ಸರಿಹೋಗುತ್ತದೆ ಎಂದಿದ್ದರಂತೆ. ಆಕೆ, "ಡಾಕ್ಟ್ರನ್ನ ಕೇಳದೆ ಬೇಡ ಅತ್ತೆ" ಎಂದು ತಡೆದಿದ್ದರು. ಅವರ ಆ ಎಚ್ಚರ ಕೆಂಚನನ್ನು ಉಳಿಸಿತೆಂದೇ ನನ್ನ ಭಾವನೆ. ಹರಳೆಣ್ಣೆ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ದಾರಿ ಕಟ್ಟಿರುವಾಗ ಕೆರಳಿದ ಕರುಳಿಗೆ ಗಾಯವಾಗಬಹುದು, ಮೈಯಲ್ಲಿ ಉಳಿದಿರುವ ನೀರೂ ಹೊರಟುಹೋಗಬಹುದು. ಈ ಪ್ರಾಣಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ, ಬಲವಂತವಾಗಿ ಬಿಟ್ಟ ಯಾವುದೇ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆ.

ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದಾಗ ಪೆಟ್ಟಿಗೆಯ ಕಾಗದದ ಮೇಲೆ ಮೂರು ತುಂಡು ಮಲ ಬಿದ್ದಿತ್ತು. ಒಣಗಿದ ಕರಿಗಂದು ಉಂಡೆಗಳ ತುಂಬ ಹುಳುವಿನ ಕವಚದ ಚೂರುಗಳು, ಜೊತೆಗೆ ಬಿಳಿಯಾಗಿರಬೇಕಿದ್ದ ಯೂರೇಟ್, ಎಂದರೆ ಮೂತ್ರದ ಗಟ್ಟಿ ಭಾಗ, ಹಳದಿಗಟ್ಟಿ ಸುಣ್ಣದ ಕಡ್ಡಿಯಂತಾಗಿತ್ತು. ಆ ಚಿತ್ರವನ್ನು ತಾಯಿಗೂ ಮಗಳಿಗೂ ಕಳುಹಿಸಿದೆ; ಇಬ್ಬರೂ ಅತ್ತರೆಂದು ಆಮೇಲೆ ತಿಳಿಯಿತು. ಮಲವನ್ನು ಮತ್ತೆ ಪರೀಕ್ಷಿಸಿದೆ, ಏಕೆಂದರೆ ಈ ಜಾತಿಯಲ್ಲಿ ಭೇದಿಗೂ ಬಡಕಲಾಗುವುದಕ್ಕೂ ಸಾಮಾನ್ಯ ಕಾರಣವಾದ ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿಯನ್ನು ತಳ್ಳಿಹಾಕಬೇಕಿತ್ತು. ಅದು ಇರಲಿಲ್ಲ. ಸೂಜಿಹುಳುವಿನ ಮೊಟ್ಟೆ ಅಲ್ಲೊಂದು ಇಲ್ಲೊಂದು ಇತ್ತು. ಈ ಬಾರಿ ಅದಕ್ಕೆ ಔಷಧಿ ಕೊಡಲಿಲ್ಲ. ಅಂದು ಮಧ್ಯಾಹ್ನ ಕೆಂಚ ದಾಸವಾಳದ ಹೂವಿನ ಒಂದು ಎಸಳನ್ನು ತಾನಾಗಿಯೇ ಕಚ್ಚಿದ.

ಅವನು ನನ್ನಲ್ಲಿದ್ದ ಐದು ದಿನಗಳಲ್ಲಿ ಮನೆಯಲ್ಲಿ ಗೂಡು ಬದಲಾಯಿತು. ಹ್ಯಾಲೊಜೆನ್ ದೀಪ ಬಂತು, ಕಲ್ಲಿನ ಮೇಲೆ 40 ಡಿಗ್ರಿ ಬರುವಂತೆ ಅದರ ಎತ್ತರವನ್ನು ಹೊಂದಿಸಲಾಯಿತು. ಮುಟ್ಟಿದರೆ ಸುಡುವ ದೀಪವಾದ್ದರಿಂದ ತಂತಿಬಲೆಯ ಕಾಪು ಹಾಕಿಸಿದೆ. ರಾತ್ರಿಗೆ ಬೆಳಕಿಲ್ಲದೆ ಶಾಖ ಮಾತ್ರ ಸೂಸುವ ಸೆರಾಮಿಕ್ ಬುರುಡೆಯನ್ನು ಉಷ್ಣಾಂಶ ನಿಯಂತ್ರಿಸುವ ಥರ್ಮೊಸ್ಟ್ಯಾಟಿಗೆ ಜೋಡಿಸಲಾಯಿತು. ಹೊಸ ಟ್ಯೂಬಿನ ಮೇಲೆ ಹಾಕಿದ ದಿನಾಂಕವನ್ನು ಮಾರ್ಕರಿನಲ್ಲಿ ಬರೆಸಿದೆ. ಕರೆಂಟ್ ಹೋದಾಗ ಏನು ಮಾಡುವುದೆಂದು ಅವರು ಕೇಳಿದರು. ಮನೆಯ ಯುಪಿಎಸ್ ಶಾಖದ ದೀಪವನ್ನು ಹೆಚ್ಚು ಹೊತ್ತು ಎಳೆಯಲಾರದು, ಹಾಗಾಗಿ ಆ ಹೊತ್ತು ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನೊಳಗೆ ಇಡುವುದು, ಶಾಖ ಮರಳುವವರೆಗೆ ಊಟ ಹಾಕದಿರುವುದು ಎಂದು ಗೊತ್ತುಮಾಡಿಕೊಂಡೆವು. ಬಿಸಿಲಿರುವ ಬೆಳಿಗ್ಗೆ ತಾರಸಿಯಲ್ಲಿ ಇಪ್ಪತ್ತು ನಿಮಿಷ, ಪಕ್ಕದಲ್ಲಿ ನೆರಳಿಗೊಂದು ಮರೆ, ಹದ್ದು ಕಾಗೆ ಬೆಕ್ಕುಗಳಿಗಾಗಿ ಒಬ್ಬರು ಅಲ್ಲೇ ಕೂತಿರಬೇಕು. ಸ್ನಾನದ ಟಬ್ಬು ಅಡುಗೆಮನೆಗೆ ಬರಬಾರದು, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು; ಆರೋಗ್ಯವಾಗಿರುವ ಹಲ್ಲಿಯ ಕರುಳಿನಲ್ಲೂ ಮನುಷ್ಯರಿಗೆ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆ ಮನೆಯಲ್ಲಿ ವಯಸ್ಸಾದವರಿದ್ದಾರೆ.

ಊಟದ ವಿಷಯದಲ್ಲಿ ನಾನೇ ಅವರಿಂದ ಒಂದನ್ನು ಕಲಿತೆ. ಕ್ರಿಕೆಟ್ ಬೇಡವೆಂದರೆ ಮೃದು ಮೈಯ ರೇಷ್ಮೆಹುಳು ಒಳ್ಳೆಯದು, ಆದರೆ ಎಲ್ಲಿ ಸಿಗುತ್ತದೋ ಎಂದು ನಾನು ಅನುಮಾನಿಸುತ್ತಿದ್ದಾಗ, "ನಮ್ಮ ತಮ್ಮ ಕನಕಪುರದ ಹತ್ರ ರೇಷ್ಮೆ ಮಾಡ್ತಾನಲ್ಲ ಡಾಕ್ಟ್ರೇ" ಎಂದರು. ಮೂರನೇ ಜ್ವರ ಎದ್ದ, ಎಂದರೆ ಮೂರನೇ ಬಾರಿ ಪೊರೆ ಕಳಚಿದ ಹುಳುಗಳು ಈ ಗಾತ್ರದ ಪ್ರಾಣಿಯ ಬಾಯಿಗೆ ಹದವಾಗಿರುತ್ತವೆ ಎಂದು ಲೆಕ್ಕ ಹಾಕಿದವರೂ ಅವರೇ. ನಾನು ಹಾಕಿದ ಷರತ್ತು ಒಂದೇ: ಹುಳುವಿನ ಹಾಸಿಗೆಗೆ ಉದುರಿಸುವ ಸೋಂಕುನಿವಾರಕ ಪುಡಿ ಸೋಕಿರಬಾರದು, ಆದ್ದರಿಂದ ಪುಡಿ ಹಾಕುವ ಮೊದಲೇ ಒಂದಿಷ್ಟನ್ನು ಬೇರೆ ತಟ್ಟೆಯಲ್ಲಿ, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪಿನಲ್ಲಿ ಸಾಕಬೇಕು. ಅದೇ ಸೊಪ್ಪನ್ನು ಕೆಂಚನೂ ತಿನ್ನುತ್ತಾನೆಂಬುದು ಅವರಿಗೆ ಸಂತೋಷದ ವಿಷಯವಾಯಿತು. ಉಳಿದಂತೆ ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ತುರಿದ ಸಿಹಿಗುಂಬಳ. ಮಾರುಕಟ್ಟೆಯ ಸೊಪ್ಪನ್ನು ಎರಡು ನೀರಿನಲ್ಲಿ ತೊಳೆದು, ತೇವ ಆರುವ ಮೊದಲೇ ಕೊಡುವುದು. ಹುಳುವಿನ ಮೇಲೆ ಕ್ಯಾಲ್ಸಿಯಂ ಪುಡಿ.

ಆಗಸ್ಟ್ ಎರಡನೇ ವಾರ ತೂಕ 379 ಗ್ರಾಂ, ಮಲ ಎರಡು ದಿನಕ್ಕೊಮ್ಮೆ. ಸೆಪ್ಟೆಂಬರಿನಲ್ಲಿ ಗಣಪತಿ ಹಬ್ಬಕ್ಕೆ ಊರಿಗೆ ಬಂದ ಮಗಳು ಅವನನ್ನು ತಾನೇ ಹೊತ್ತು ತಂದಳು, ಅಂದು 396. ಅಕ್ಟೋಬರ್ ಕೊನೆಯಲ್ಲಿ 409 ಗ್ರಾಂ ತೂಗಿದ. ರಕ್ತದ ಕ್ಯಾಲ್ಸಿಯಂ ಸರಿಯಾದ ಮಟ್ಟಕ್ಕೆ ಬಂದಿತ್ತು, ಎಕ್ಸ್‌ರೇಯಲ್ಲಿ ತೊಡೆಮೂಳೆಯ ಗೋಡೆ ಮೊದಲಿಗಿಂತ ದಪ್ಪಗಾಗಿತ್ತು, ಆದರೆ ಪೂರ್ಣವಾಗಿ ತುಂಬಿಕೊಳ್ಳಲು ಇನ್ನೂ ಕೆಲವು ತಿಂಗಳು ಬೇಕು. ಅಂದು ತಾಯಿ ತೋರಿಸಿದ ನೋಟ್‌ಬುಕ್ಕಿನಲ್ಲಿ ತೂಕ, ಊಟ, ಮಲದ ಕಾಲಂಗಳ ಪಕ್ಕದಲ್ಲಿ ಸ್ಕೇಲಿನಿಂದ ಗೆರೆ ಎಳೆದ ಹೊಸ ಕಾಲಂ ಇತ್ತು: ಬೆಳಿಗ್ಗೆ ಹತ್ತಕ್ಕೆ ಕಲ್ಲಿನ ಉಷ್ಣಾಂಶ. ನನ್ನ ಚಿಕಿತ್ಸಾಲಯದಲ್ಲಿ ಸರೀಸೃಪಗಳ ವಿವರ ಬರೆದುಕೊಳ್ಳುವ ನಮೂನೆಯಲ್ಲಿಯೂ ಈಗ ಆ ಕಾಲಂ ಸೇರಿದೆ, ಅದರ ಕೆಳಗೆ ದೀಪದ ಬಗೆ ಮತ್ತು ವ್ಯಾಟು. ಡಿಸೆಂಬರಿನ ರಾತ್ರಿಗಳಲ್ಲಿ ಬೆಂಗಳೂರು 16 ಡಿಗ್ರಿಗೆ ಇಳಿಯುತ್ತದೆ. ಅಷ್ಟರೊಳಗೆ ಸೆರಾಮಿಕ್ ಬುರುಡೆಯನ್ನು ಒಂದು ರಾತ್ರಿಯಿಡೀ ಪರೀಕ್ಷಿಸಿ ಅಳತೆ ತಿಳಿಸಲು ಅವರಿಗೆ ಹೇಳಿದ್ದೇನೆ.